ಪರೀಕ್ಷೆಯ ದಿನದ ನಾಲ್ಕು ಗುಳಿಗೆ

ಬರಗಾಲದ ಒಂದು ವರ್ಷ ನಾನು ಬೀದರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಶುರುಮಾಡಿದ್ದೆ. ಮೂರ್ಛೆರೋಗಕ್ಕೆ ಗುಳಿಗೆ ತಿನ್ನುವವರ ರಕ್ತದಲ್ಲಿ ಆ ಔಷಧ ಎಷ್ಟಿದೆ ಎಂದು ಅಳೆಯುವುದು ನನ್ನ ಕೆಲಸ. ಮಿಲಿಲೀಟರಿಗೆ ಹತ್ತು ಮೈಕ್ರೊಗ್ರಾಮಿಗಿಂತ ಕಡಿಮೆಯಾದರೆ ಮೂರ್ಛೆ ತಡೆಯುವುದಿಲ್ಲ. ಇಪ್ಪತ್ತು ದಾಟಿದರೆ ಅದೇ ಔಷಧ ವಿಷ. ಕಣ್ಣು ಅದುರುತ್ತದೆ, ಕಾಲು ತಡವರಿಸುತ್ತದೆ. ನನ್ನ ವರದಿ ನೋಡಿ ಡಾಕ್ಟರು ಗುಳಿಗೆ ಹೆಚ್ಚು ಕಡಿಮೆ ಮಾಡುತ್ತಿದ್ದರು.

ಸೋಮವಾರ ಭಾಲ್ಕಿ, ಗುರುವಾರ ಔರಾದ. ಬಸ್ಸಿನಲ್ಲಿ ಅಲ್ಲಿನ ಆಸ್ಪತ್ರೆಗೆ ಹೋಗಿ ರಕ್ತ ತೆಗೆದು, ಶರಬತ್ತಿನ ಗಾಡಿಯವನು ಕೊಟ್ಟ ಐಸಿನಲ್ಲಿ ಟ್ಯೂಬುಗಳನ್ನಿಟ್ಟು, ಡಬ್ಬಿಯನ್ನು ತೊಡೆಯ ಮೇಲೆ ಹಿಡಿದು ವಾಪಸು ಬರುತ್ತಿದ್ದೆ. ನನ್ನ ದಾಖಲೆ ಪುಸ್ತಕದ ಒಂದು ಗುರುವಾರದ ಪುಟದಲ್ಲಿ ಹೀಗಿದೆ: "ಹನ್ನೊಂದು ಜನ. ಐವರಿಗೆ ನರ ಸಿಗಲಿಲ್ಲ, ಎರಡೆರಡು ಸಲ ಚುಚ್ಚಿದೆ. ಚೆನ್ನಾಗಿ ನೀರು ಕುಡಿದು ಬನ್ನಿ ಅಂದದ್ದಕ್ಕೆ ಒಬ್ಬರು ನಕ್ಕರು. ಕೈ ತೊಳೆಯಲು ನೀರಿಲ್ಲ."

ನಕ್ಕವಳು ಮೂವತ್ತರ ಆಸುಪಾಸಿನ, ತೀರ ಸಣಕಲು ಹೆಂಗಸು. ನನ್ನನ್ನು ಕಂಡ ಕೂಡಲೇ ಸಾಲಿನಲ್ಲಿದ್ದವರಿಗೆ ಕೂಗುತ್ತಿದ್ದಳು: "ಬಂದಳು ನೋಡ್ರೆವ್ವಾ ರಕ್ತಾ ಕುಡಿಯಾಕಿ! ನಮ್ಮ ಮೈಯಾಗ ಏನು ಉಳದದಂತ ಬರ್ತಾಳೊ!"

ದಸರೆ ಕಳೆದ ಮೇಲೆ ಅವಳೂ ಗಂಡನೂ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವವರಿದ್ದರು. ಗಂಡ ಕಡಿಯಬೇಕು, ಹೆಂಡತಿ ಹೊರೆ ಕಟ್ಟಿ ಹೊರಬೇಕು. ಜೋಡಿಯಿದ್ದರೆ ಮಾತ್ರ ಮುಕಾದಮ, ಅಂದರೆ ಕೂಲಿಗಳ ಗುತ್ತಿಗೆದಾರ, ತನ್ನ ತಂಡಕ್ಕೆ ಸೇರಿಸಿಕೊಳ್ಳುತ್ತಿದ್ದ. ಹೆಂಗಸಿಗೆ ಮೂರ್ಛೆ ಬರುತ್ತದೆಂದು ತಿಳಿದರೆ ಇಬ್ಬರಿಗೂ ಲಾರಿಯಲ್ಲಿ ಜಾಗವಿಲ್ಲ.

"ತಂಗಿ, ಈ ಸಲ ರಕ್ತದ ಲೆಕ್ಕ ಬರೋಬ್ಬರಿ ಬರ್ತದಲ್ಲಾ?"

"ದಿನಾ ಗುಳಿಗಿ ತಗೊಂಡ್ರ ಬರ್ತದ ಅಕ್ಕಾ. ಇವತ್ತ ಎಷ್ಟು ಗಂಟಿಗಿ ತಗೊಂಡಿ?"

"ಮುಂಜಾನಿ ಆರಕ್ಕ. ಬಸ್ ಹತ್ತೂಕಿಂತ ಮೊದಲ."

ಅದಕ್ಕೊಂದು ಕಾಲಮ್ ಇತ್ತು; ಬರೆದುಕೊಂಡೆ. ಶುಕ್ರವಾರ ಅಳೆದಾಗ ಇಪ್ಪತ್ತಮೂರು ಬಂತು. ನಂಬಿಕೆ ಬಾರದೆ ಇನ್ನೊಮ್ಮೆ ಅಳೆದೆ. ಅಷ್ಟೇ ಬಂತು. ಡಾಕ್ಟರು ದಿನಕ್ಕೆ ಮೂರಿದ್ದ ಗುಳಿಗೆಯನ್ನು ಎರಡು ಮಾಡಿದರು. "ಎರಡೇ ಸಾಕಂತ!" ಎಂದು ಅವಳು ಸಾಲಿಗೆಲ್ಲ ಕೇಳುವಂತೆ ಹೇಳಿಕೊಂಡು ಹೋದಳು.

ಮತ್ತೆ ಅವಳು ಬಂದದ್ದು ಕಬ್ಬಿನ ಕೆಲಸ ಮುಗಿಯುವುದಕ್ಕೆ ಬಹಳ ಮೊದಲೇ. ಬಲಗೈಗೆ ಹಳೆ ಸೀರೆಯ ತುಂಡು ಸುತ್ತಿತ್ತು. ಬಿಚ್ಚಿ ತೋರಿಸಿದಳು. ಮೂರು ಬೆರಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು.

"ಒಲಿ ಮುಂದ ರೊಟ್ಟಿ ಬಡೀಲಿಕತ್ತಿದ್ದೆ. ಎಚ್ಚರಾದಾಗ ಕೈ ಬೆಂಕ್ಯಾಗಿತ್ತು. ಮುಕಾದಮ ಮರುದಿನಾನೇ ಇಬ್ಬರನ್ನೂ ಹೊಂಡ್ರಿ ಅಂದ."

"ಗುಳಿಗಿ ಬಿಟ್ಟಿದ್ದಿ ಏನಕ್ಕಾ?"

"ಬಿಟ್ಟಿಲ್ಲ. ಎರಡರಾಗ ಒಂದು ತಿಂದು ಒಂದು ಉಳಸ್ತಿದ್ದೆ. ನೀವು ಕೊಡೂದು ಒಂದು ತಿಂಗಳಿಂದು. ಕಬ್ಬಿನ ಹೊಲದಾಗ ಆರು ತಿಂಗಳು ಯಾರು ಕೊಡ್ತಾರ?"

"ಇಲ್ಲಿದ್ದಾಗೂ ಉಳಸ್ತಿದ್ದಿ?"

"ಹೂಂ. ಮೂರರಾಗ ಒಂದು. ಹಿಟ್ಟಿನ ಡಬ್ಬ್ಯಾಗ ಇಡ್ತಿದ್ದೆ."

"ಮತ್ತ ರಕ್ತದಾಗ ಅಷ್ಟು ಹ್ಯಾಂಗ ಬಂತು?"

ಇಷ್ಟೂ ತಿಳಿಯದೇನು ಎಂಬಂತೆ ನನ್ನನ್ನು ನೋಡಿದಳು. "ಪರೀಕ್ಷಾ ಇದ್ದ ದಿನ ನಾಲ್ಕು ಒಮ್ಮೆಗೇ ನುಂಗಿ ಬರ್ತಿದ್ದೆ. ಪಾಸ್ ಆಗಬೇಕಲ್ಲ?"

ಗಂಟೆ ಕೇಳಿದ್ದೆ, ಅವಳು ನಿಜವನ್ನೇ ಹೇಳಿದ್ದಳು. ಎಷ್ಟು ಗುಳಿಗೆ ಎಂದು ನಾನು ಒಂದು ಸಲವೂ ಕೇಳಿರಲಿಲ್ಲ. ಗುಳಿಗೆ ಕಡಿಮೆ ಮಾಡಿಸಿದ್ದು ಆ ಇಪ್ಪತ್ತಮೂರು. ಅದನ್ನು ಬರೆದ ಕೈ ನನ್ನದು. ಅವಳಿಗೆ ಇದನ್ನು ಹೇಳಿದೆ. ಅವಳು ಸೀರೆಯ ತುಂಡನ್ನು ಮತ್ತೆ ಕೈಗೆ ಸುತ್ತಿಕೊಂಡಳು.

"ನಾ ಒಬ್ಬಾಕೀನೇ ಅಲ್ಲ ತಂಗಿ. ಸಾಲಿನ್ಯಾಗ ಎಲ್ಲಾರೂ ಹಾಂಗೇ ಮಾಡ್ತಿದ್ದರು. ಹೊಸಬರಿಗೆ ನಾನೇ ಹೇಳಿಕೊಟ್ಟೀನಿ."

ಅಲ್ಲೇ ಕುಳಿತು ಪುಸ್ತಕ ತೆರೆದೆ. ಔರಾದದವರು ನಲವತ್ತೆರಡು ಜನ. "ಕಡಿಮೆ" ಎಂದು ಬರೆದದ್ದು ಏಳು, "ಸರಿಯಿದೆ" ಇಪ್ಪತ್ತೊಂಬತ್ತು, "ಹೆಚ್ಚು" ಆರು. ಆ ಆರರಲ್ಲಿ ಒಬ್ಬಳು ಎದುರಿಗಿದ್ದಳು. ಗುಳಿಗೆ ಕಡಿಮೆಯಾಗಿದ್ದ ಉಳಿದ ಐವರ ಹೆಸರು ಒಂದೊಂದಾಗಿ ಓದಿದೆ.

"ಆಕಿ ಪುಣೆ ಕಡಿ, ಇಟ್ಟಂಗಿ ಭಟ್ಟಿಗಿ. ಇವರಿಬ್ಬರು ಹೈದರಾಬಾದಿಗಿ. ಆಂವ ಕಬ್ಬಿಗೇ ಹೋಗ್ಯಾನ, ಯಾ ಊರೋ."

ಅವಳು ಹೇಳಿದಂತೆ ಹೆಸರಿನ ಪಕ್ಕ ಬರೆದುಕೊಂಡೆ. ಐದನೆಯ ಹೆಸರಿಗೆ ಗೊತ್ತಿಲ್ಲವೆಂದು ತಲೆಯಲ್ಲಾಡಿಸಿದಳು. ಆಮೇಲೆ ಎಡಗೈಯ ತೋಳು ಸರಿಸಿ ಮೇಜಿನ ಮೇಲಿಟ್ಟಳು.

"ತಗೋ. ಇವತ್ತ ಒಂದೂ ತಿಂದಿಲ್ಲ."