ಎಣ್ಣೆಯಲ್ಲದ ಎಣ್ಣೆ

ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಹಲ್ಲಕ್ಕ ಎಂದೇ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಔಷಧಿ ಅಂಗಡಿಯ ಮಹಡಿ ಮೇಲಿನ ಉದ್ದನೆಯ ಕೋಣೆಯಲ್ಲಿ ಕೂತು ಕಂಡವರ ಬಾಯಿಗೆ ಕಟ್ಟುಹಲ್ಲು ಮಾಡುವುದು ಆಕೆಯ ಕೆಲಸ. ಬಾಯಿ ತೆರೆಸಿ ನೋಡುವವರು ವೈದ್ಯರು, ದುಡ್ಡು ಎಣಿಸುವವರೂ ಅವರೇ. ಮೇಣ ಕರಗಿಸಿ, ಒಸಡು ಎರೆದು, ಒಂದೊಂದೇ ಹಲ್ಲು ಕೂರಿಸಿ ಉಜ್ಜಿ ಹೊಳಪು ಕೊಡುವವಳು ಇವಳು. "ಊರಿನ ಅರ್ಧ ಜನ ನಗೋದು ನನ್ನ ಕೃಪೆಯಿಂದ ಕಣ್ರೋ" ಎಂದು ಹೇಳಿಕೊಳ್ಳುತ್ತಿದ್ದಳು. ಸುಳ್ಳೇನಲ್ಲ ಬಿಡಿ.

ಕಾರಿನ ಹುಚ್ಚು ಹುಟ್ಟಿನಿಂದ ಬಂದದ್ದಲ್ಲ. ಗಂಡ ಜ್ವರ ಬಂದು ತೀರಿಕೊಂಡಾಗ ಬಿಟ್ಟುಹೋದದ್ದು ಎರಡೇ: ನಡೆಯಲು ಕಲಿಯುತ್ತಿದ್ದ ಮಗಳು, ಮತ್ತು ನಡೆಯುವುದನ್ನು ಎಂದೋ ಮರೆತಿದ್ದ ಒಂದು ಹಳೇ ಕಾರು. ಗುಜರಿಗೆ ಹಾಕು ಎಂದು ನೆಂಟರಿಷ್ಟರೆಲ್ಲ ಬುದ್ಧಿ ಹೇಳಿದರು. ಬುದ್ಧಿ ಹೇಳಿದರೆ ಉಲ್ಟಾ ಮಾಡುವ ಜಾತಿ ಇವಳದು. ಮಗುವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಬಾನೆಟ್ ಎತ್ತಿ, ಹಲ್ಲು ಉಜ್ಜುವ ಅದೇ ಸಣ್ಣ ಬ್ರಷ್ಷಿನಿಂದ ಕಾರಿನ ಹೊಟ್ಟೆ ಉಜ್ಜಲು ಶುರುಮಾಡಿದಳು. ಕಿತ್ತುಹೋಗಿದ್ದ ಹಿಡಿ, ಗುಬುಟುಗಳನ್ನೆಲ್ಲ ಕಟ್ಟುಹಲ್ಲಿನ ಒಸಡು ಎರೆಯುವ ವಸ್ತುವಿನಲ್ಲೇ ಎರೆದಳು. ಇವತ್ತಿಗೂ ಆ ಕಾರಿನ ಗೇರಿನ ಹಿಡಿ ಒಸಡಿನ ಹಾಗೆ ಗುಲಾಬಿ ಬಣ್ಣಕ್ಕಿದೆ. ಹಿಡಿದುಕೊಂಡವರಿಗೆ ಯಾರದೋ ಬಾಯೊಳಗೆ ಕೈ ಹಾಕಿದಂತಾಗಿ ಒಂದು ಥರ ಆಗುತ್ತದೆ.

ವರ್ಷಗಳು ಕಳೆದಂತೆ ಮನೆಯ ಹಿಂದಿನ ಶೆಡ್ಡಿನಲ್ಲಿ ರಜಾದಿನ ಬಂದರೆ ಒಂದು ಗುಂಪು ಸೇರತೊಡಗಿತು. ಹುಚ್ಚು ಎಲ್ಲರದೂ ಒಂದೇ, ಹೊಟ್ಟೆಪಾಡು ಮಾತ್ರ ಒಬ್ಬೊಬ್ಬರದು ಒಂದೊಂದು. ಟೈಲರಣ್ಣನಿಗೆ ಚಿಕ್ಕಂದಿನಲ್ಲಿ ರೇಸು ಓಡಿಸುವ ಆಸೆ. ಕಡೆಗೆ ಸಿಕ್ಕಿದ್ದು ಹೊಲಿಗೆ ಮೆಷಿನ್ನಿನ ಪೆಡಲ್ಲು. "ತುಳಿಯೋದಂತೂ ತಪ್ಪಲಿಲ್ಲ" ಎಂದು ನಕ್ಕು, ಎಲ್ಲರ ಕಾರಿನ ಸೀಟಿಗೂ ಹೊಸ ಬಟ್ಟೆ ಹೊಲಿದುಕೊಡುತ್ತಿದ್ದ. ಇನ್ನೊಬ್ಬ ಜಜ್ಜುಮಾವ. ಕಾರು ಕಟ್ಟುವ ಕಾರ್ಖಾನೆ ಸೇರುತ್ತೇನೆ ಎಂದು ಹೊರಟವನು, ವಿಮೆ ಕಂಪನಿ ಸೇರಿ ಜಜ್ಜಿಹೋದ ಕಾರುಗಳನ್ನು ನೋಡಿ ವರದಿ ಬರೆಯುವವನಾದ. ಹೊಸ ಕಾರು ಕಂಡರೂ ಅವನ ಕಣ್ಣಿಗೆ ಅದು ಜಜ್ಜಿದ ಮೇಲೆ ಹೇಗಿರುತ್ತದೆ ಎಂಬುದೇ ಕಾಣುತ್ತಿತ್ತು.

ಈ ವರ್ಷ ಹಲ್ಲಕ್ಕ ಒಂದು ನಿರ್ಧಾರಕ್ಕೆ ಬಂದಿದ್ದಳು. ಹಲ್ಲು ಸಾಕು, ಇನ್ನು ಕಾರೇ. ಕೆಲಸ ಬಿಟ್ಟು, ಮೂವರೂ ಸೇರಿ ಹಳೇ ಕಾರು ರಿಪೇರಿ ಮಾಡುವ ಅಂಗಡಿ ತೆರೆಯುವುದು. ಜನ ನಂಬಬೇಕಲ್ಲ? ಅದಕ್ಕೊಂದು ದಾರಿಯೂ ತಾನಾಗಿ ಒದಗಿತು. ಬೆಟ್ಟದ ಮೇಲಿನ ತಮ್ಮನ ಮನೆಯಿಂದ ಅವ್ವನನ್ನು ಕಣ್ಣಿನ ಆಪರೇಷನ್ನಿಗೆ ಕರೆತರಬೇಕಿತ್ತು. ಮಗಳು ಬಸ್ಸಿನಲ್ಲಿ ಹೋಗಿಬರುತ್ತೇನೆ ಎಂದಳು.

"ಮನೇಲಿ ಕಾರಿಟ್ಕೊಂಡು ಬಸ್ಸಾ? ನಾಲ್ಕು ಜನ ನೋಡಿದ್ರೆ ಏನಂತಾರೆ? ನನ್ನ ಮಗಳೇ ನನ್ನ ಕಾರು ನಂಬಲ್ಲ ಅಂದ್ರೆ ಬೇರೆಯವರು ನಂಬ್ತಾರಾ?"

"ಘಾಟಿ ರೋಡಮ್ಮಾ, ನಂಗೆ ಭಯ."

"ಭಯ ಎಂತದು? ನಾನು ಮುಟ್ಟಿದ ಗಾಡಿ ಅದು."

ಭಾನುವಾರ ಮಗಳು ಕಾರು ತೆಗೆದುಕೊಂಡು ಬೆಟ್ಟ ಹತ್ತಿದಳು. ತಲುಪಿದೆ ಎಂದು ಫೋನೂ ಮಾಡಿದಳು. ಹಲ್ಲಕ್ಕ ಆ ಸುದ್ದಿಯನ್ನು ಬೀದಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇ ಹೇಳಿದ್ದು.

ಸೋಮವಾರ ಬೆಳಿಗ್ಗೆ ಕೆಲಸದ ಮೇಜಿನ ಮೇಲೆ ಯಾರದೋ ಕೆಳದವಡೆ ಇಟ್ಟುಕೊಂಡು ಮೇಣ ಕೆರೆಯುತ್ತಿದ್ದಾಗ ಟೈಲರಣ್ಣನ ಫೋನು ಬಂತು.

"ಹಲ್ಲಕ್ಕಾ, ನನ್ನ ಎಣ್ಣೆ ಡಬ್ಬಿ ನಿಮ್ಮ ಶೆಡ್ಡಲ್ಲೇ ಉಳೀತು ಅನ್ಸುತ್ತೆ. ಮೆಷಿನ್ನು ಕಿರ್‌ ಅಂತಿದೆ, ಎಣ್ಣೆ ಬಿಡಬೇಕು."

"ನಿನ್ನ ಮೆಷಿನ್ ಎಣ್ಣೆಗೆ ನನ್ನ ಶೆಡ್ಡಲ್ಲೇನಪ್ಪಾ ಕೆಲಸ?"

"ಅದೇ ಶನಿವಾರ ನೀನೇ ಹೇಳಿದ್ಯಲ್ಲ, ಎಣ್ಣೆ ಕಮ್ಮಿ ಇದೆ, ಆ ಬಿಳೀ ಡಬ್ಬಿಗೆ ಒಂಚೂರು ಸುರಿ ಅಂತ. ಕೈಯಲ್ಲಿ ನಂದಿತ್ತು, ಅದನ್ನೇ ಸುರಿದೆ. ನೀರಿನ ಹಾಗೆ ತಿಳಿಯಾಗಿತ್ತು ನೋಡು, ಒಳಗಿದ್ದದ್ದೂ ಹಾಗೇ ಇತ್ತು. ನಂದು ಇನ್ನೂ ನಯ."

ಹಲ್ಲಕ್ಕನ ಕೈಯಿಂದ ದವಡೆ ಜಾರಿ ನೆಲಕ್ಕೆ ಬಿದ್ದು ಹಲ್ಲುಗಳು ಚೆಲ್ಲಾಪಿಲ್ಲಿಯಾದವು.

ಇದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಬಾನೆಟ್ ಕೆಳಗಿನ ಆ ಬಿಳೀ ಡಬ್ಬಿ ಬ್ರೇಕಿನದು. ಬ್ರೇಕ್ ಎಣ್ಣೆ ಎಂದು ಎಲ್ಲರೂ ಅನ್ನುತ್ತಾರೆ, ಅಂಗಡಿಯವನೂ ಅನ್ನುತ್ತಾನೆ. ಆದರೆ ಅದು ಎಣ್ಣೆಯೇ ಅಲ್ಲ. ಹೆಸರಿಗಷ್ಟೇ ಎಣ್ಣೆ, ಅದರ ಗುಣವೇ ಬೇರೆ. ಬ್ರೇಕಿನೊಳಗಿನ ರಬ್ಬರು ಆ ದ್ರವಕ್ಕೆಂದೇ ಮಾಡಿದ್ದು. ಅದಕ್ಕೆ ನಿಜವಾದ ಎಣ್ಣೆ ತಾಗಿತೋ, ನೆನೆಹಾಕಿದ ಕಡಲೆಕಾಳಿನ ಹಾಗೆ ಊದಿಕೊಳ್ಳುತ್ತದೆ. ಕೂಡಲೇ ಅಲ್ಲ, ಒಂದೆರಡು ದಿನ ಏನೂ ಆಗಿಲ್ಲವೆನ್ನುವಂತೆ ಇದ್ದು, ಆಮೇಲೆ. ಬ್ರೇಕು ಹಿಡಿದದ್ದು ಬಿಡುವುದಿಲ್ಲ, ಚಕ್ರ ಉಜ್ಜಿ ಉಜ್ಜಿ ಕಾಯುತ್ತದೆ, ಒಳಗಿನ ದ್ರವ ಕುದಿಯುತ್ತದೆ. ಅಷ್ಟಾದ ಮೇಲೆ ಪೆಡಲ್ಲು ತುಳಿದರೆ ಕಾಲು ನೆಲಕ್ಕೆ ಹೋಗುತ್ತದೆ, ಕಾರು ಮುಂದಕ್ಕೆ ಹೋಗುತ್ತದೆ. ಕಾರಿನಡಿ ಮಲಗಿ ಬಾಯಲ್ಲಿ ಟಾರ್ಚು ಕಚ್ಚಿಕೊಂಡಿದ್ದ ಹಲ್ಲಕ್ಕ ಅವತ್ತು 'ಎಣ್ಣೆ' ಎಂದದ್ದು ಅಭ್ಯಾಸಬಲದಿಂದ. ಬಟ್ಟೆ ಹೊಲಿಯುವವನಿಗೆ ಎಣ್ಣೆ ಎಂದರೆ ಎಣ್ಣೆಯೇ.

ಮಗಳ ಫೋನಿಗೆ ಮಾಡಿದಳು. ಹೋಗಲಿಲ್ಲ, ಘಾಟಿಯಲ್ಲಿ ಸಿಗ್ನಲ್ಲು ಸಿಕ್ಕುವುದು ಅಷ್ಟಕ್ಕಷ್ಟೇ. ತಮ್ಮನ ಮನೆಗೆ ಮಾಡಿದರೆ ತಮ್ಮನ ಹೆಂಡತಿ ಎತ್ತಿಕೊಂಡಳು.

"ಈಗಷ್ಟೇ ಹೊರಟ್ರು ಅತ್ತಿಗೆ. ಗಾಡಿ ಯಾಕೋ ಮುಂದಕ್ಕೇ ಹೋಗ್ತಿಲ್ಲ, ಯಾರೋ ಹಿಂದಿಂದ ಹಿಡ್ಕೊಂಡ ಹಾಗಿದೆ ಅಂತಿದ್ಲು. ಇಳಿಜಾರಲ್ಲಿ ಸರಿಹೋಗುತ್ತೆ ಬಿಡು ಅಂದೆ."

ಹಲ್ಲಕ್ಕ ಮೇಣದ ಕೈಯಲ್ಲೇ, ಕಟ್ಟಿಕೊಂಡ ಏಪ್ರನ್ನೂ ಬಿಚ್ಚದೆ, ಮೆಟ್ಟಿಲಿಳಿದು ಓಡಿದಳು. ಜಜ್ಜುಮಾವನ ಆಫೀಸು ಪಕ್ಕದ ಬೀದಿ. ಅವನು ಕಾರು ತೆಗೆದ. ದಾರಿಯಲ್ಲಿ ಟೈಲರಣ್ಣನನ್ನೂ ಹತ್ತಿಸಿಕೊಂಡರು. ಅವನು ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದು ಕೂತ.

ಘಾಟಿ ಶುರುವಾಯಿತು. ಆಮೇಲೆ ಜಜ್ಜುಮಾವ ಮಾತಾಡಿದ. ಅವನು ಸುಮ್ಮನಿದ್ದಿದ್ದರೇ ಚೆನ್ನಾಗಿತ್ತು.

"ಈ ತಿರುವಲ್ಲೇ ಹೋದ ವರ್ಷ ಒಂದು ಬಿಳೀ ಕಾರು. ಬ್ರೇಕೇ. ಕೆಳಗಿಳಿದು ನೋಡೋಕೆ ನಾನೇ ಹೋಗಿದ್ದೆ."

"ಬಾಯ್ಮುಚ್ಚು."

"ಅಲ್ಲ, ಅವರು ಮೊದಲನೇ ಗೇರಲ್ಲಿ ಇಳಿಸಿದ್ರೆ ಏನೂ ಆಗ್ತಿರಲಿಲ್ಲ ಅಂತ ಹೇಳ್ದೆ."

"ಬಾಯ್ಮುಚ್ಚು ಅಂದ್ನಲ್ಲೋ! ನಿನ್ನ ನಾಲಿಗೆಗೆ ಇಷ್ಟು ಬೆಂಕಿ ಬೀಳ!"

ಹಿಂದಿನ ಸೀಟಿನಲ್ಲಿ ಟೈಲರಣ್ಣ ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಅಳುತ್ತಿದ್ದ. "ನನ್ನ ಕೈ ಕಡಿದುಹೋಗ್ಲಿ ಹಲ್ಲಕ್ಕಾ. ಒಳ್ಳೇದು ಅಂತ ಸುರಿದೆ, ನಯವಾಗಿದೆ ಅಂತ ಸುರಿದೆ" ಎಂದು ಅದನ್ನೇ ಹೇಳುತ್ತಿದ್ದ. ಬೈಯೋಣವೆಂದರೆ ಹಲ್ಲಕ್ಕನಿಗೆ ಅವನ ಮೇಲೆ ಸಿಟ್ಟೇ ಹುಟ್ಟಲೊಲ್ಲದು. ಬಸ್ಸಿಗೆ ಹೋಗುತ್ತೇನೆ ಎಂದಿದ್ದಳಲ್ಲ ಹುಡುಗಿ, ಭಯ ಎಂದಿದ್ದಳಲ್ಲ. ಪ್ರತಿ ತಿರುವಿನಲ್ಲೂ ಹಲ್ಲಕ್ಕ ಮೊದಲು ನೋಡುತ್ತಿದ್ದುದು ರಸ್ತೆಯನ್ನಲ್ಲ, ಅಂಚಿನ ತಡೆಗೋಡೆಯನ್ನು. ಗೋಡೆ ಇಡಿಯಾಗಿದ್ದರೆ ಒಂದು ಉಸಿರು, ಮುಂದಿನ ತಿರುವಿಗೆ ಇನ್ನೊಂದು ಉಸಿರು. ಒಂದು ಕಡೆ ಗೋಡೆ ಒಡೆದಿತ್ತು. ಅಯ್ಯೋ ಎಂದು ಕೂಗಿಯೇಬಿಟ್ಟಳು. ಒಡೆದದ್ದು ಹಳೆಯದು, ಸಂದಿಯಲ್ಲಿ ಹುಲ್ಲು ಬೆಳೆದಿತ್ತು.

ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಮೇಲಿಂದ ಬರುತ್ತಿರುವ ಕಾರು ಕಂಡಿತು. ಅದೇ ಬಣ್ಣ, ಅದೇ ಓರೆಯಾದ ಬಲಗಡೆಯ ದೀಪ. ಹಾರ್ನಿಗೆಂದು ಹಲ್ಲಕ್ಕ ಕೈ ಚಾಚಿದಳು. ಜಜ್ಜುಮಾವ ಆ ಕೈಯನ್ನು ಹಿಡಿದುಕೊಂಡ.

"ಬೇಡ! ಹಾರ್ನ್ ಹೊಡೆದ್ರೆ ಏನ್ಮಾಡ್ತಾಳೆ? ಬ್ರೇಕ್ ತುಳೀತಾಳೆ. ಇನ್ನೂ ಒಂಚೂರು ಹಿಡೀತಿದ್ರೆ, ಉಳಿದಿರೋದೂ ಅಲ್ಲೇ ಹೋಗುತ್ತೆ."

ಅತ್ತ ದರಿ, ಇತ್ತ ಪುಲಿ. ನಿಲ್ಲು ಎಂದು ಕೂಗಿದರೆ ನಿಲ್ಲಲು ನೋಡುತ್ತಾಳೆ, ಕೂಗದಿದ್ದರೆ ಹೋಗಿಬಿಡುತ್ತಾಳೆ. ಅವರು ಹಾಗೆ ಬಾಯಿ ತೆರೆದು ಕೂತಿರುವಾಗಲೇ ಮಗಳ ಕಾರು ಎದುರಿಗೆ ಬಂತು. ಕಿಟಕಿಯಿಂದ ಕೈ ಹೊರಗೆ ಹಾಕಿ ಅವಳು ಜೋರಾಗಿ ಬೀಸಿದಳು. ಹಿಂದಿನ ಸೀಟಿನಲ್ಲಿ ಅವ್ವ ಏನೋ ಹೇಳುತ್ತ ತಲೆಯಾಡಿಸುತ್ತಿದ್ದಳು. ಪಕ್ಕದಲ್ಲಿ ಹಾದುಹೋಗುವಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

"ಏನೂ ಗೊತ್ತಿಲ್ಲ ಅವಳಿಗೆ, ಟಾಟಾ ಮಾಡ್ತಾ ಹೋದ್ಲು" ಎಂದು ಟೈಲರಣ್ಣ ಇನ್ನಷ್ಟು ಅತ್ತ.

ಕಾರು ತಿರುಗಿಸು ಎಂದರೆ ಜಜ್ಜುಮಾವನ ಕೈ ಆಡಲಿಲ್ಲ. ಸ್ಟೀರಿಂಗ್ ಹಿಡಿದು ಕೂತೇ ಇದ್ದ. ಅವನು ನೋಡಬಾರದ್ದನ್ನೆಲ್ಲ ನೋಡಿದವನು, ಈಗಲೂ ಅದನ್ನೇ ನೋಡುತ್ತಿದ್ದನೇನೋ. ಹಲ್ಲಕ್ಕ ಇಳಿದು ಸುತ್ತಿ ಬಂದು ಅವನನ್ನು ಪಕ್ಕಕ್ಕೆ ತಳ್ಳಿ ತಾನೇ ಕೂತಳು. ರಸ್ತೆ ಅಗಲವಾಗಿದ್ದಲ್ಲಿ ತಿರುಗಿಸಿ ಇಳಿಜಾರಿನಲ್ಲಿ ಬಿಟ್ಟಳು.

ಓಡದ ಹಳೇ ಕಾರುಗಳನ್ನು ಹಗ್ಗ ಕಟ್ಟಿ ಎಳೆತರುವ ಅಭ್ಯಾಸ ಈ ಗುಂಪಿನವರಿಗಿತ್ತು. ಅಂಥ ಕಾರಿಗೆ ಎಷ್ಟೋ ಸಲ ಬ್ರೇಕೇ ಇರುವುದಿಲ್ಲ. ಆಗ ಇಳಿಜಾರು ಬಂದರೆ ಮುಂದಿನ ಕಾರು ಮೆಲ್ಲನೆ ನಿಧಾನಿಸಿ ಹಿಂದಿನದನ್ನು ತನ್ನ ಬೆನ್ನಿಗೆ ಆತುಕೊಂಡು ಇಳಿಸಬೇಕು. ಖಾಲಿ ಕಾರಿನಲ್ಲಿ, ಊರೊಳಗಿನ ಸಣ್ಣ ಏರಿಳಿತದಲ್ಲಿ ಮಾಡಿ ಗೊತ್ತಿತ್ತು. ಮಗಳು ಮತ್ತು ಅವ್ವ ಕೂತಿರುವಾಗ, ಪಕ್ಕದಲ್ಲಿ ಪ್ರಪಾತ ಇರುವಾಗ ಯಾರೂ ಮಾಡಿರಲಿಲ್ಲ.

ನೇರ ರಸ್ತೆ ಸಿಕ್ಕಿದ ಕೂಡಲೇ ಮಗಳ ಕಾರಿನ ಪಕ್ಕದಿಂದ ನುಗ್ಗಿ ಮುಂದೆ ಹೋದಳು. ನುಗ್ಗುವಾಗ ಮಗಳು ಮತ್ತೆ ಕೈ ಬೀಸಿದಳು, ಏನೋ ಕಿರುಚಿದಳು ಕೂಡ. ಹಲ್ಲಕ್ಕ ನೋಡಲಿಲ್ಲ. ಕನ್ನಡಿಯಲ್ಲಿ ಆ ಓರೆ ದೀಪ ದೊಡ್ಡದಾಗುತ್ತ ಬಂತು. ಇನ್ನೂ ನಿಧಾನಿಸಿದಳು. "ಬಾ ಮಗಾ, ಬಾ, ಮೆಲ್ಲಗೆ ಬಾ, ಅಮ್ಮನ ಬೆನ್ನಿಗೆ ಬಾ" ಎಂದು ಬಾಯಿಂದ ತಾನಾಗಿ ಬರುತ್ತಿತ್ತು. ಧಡ್ ಎಂದಿತು. ಒಮ್ಮೆ ಬಿಟ್ಟುಹೋಗಿ ಮತ್ತೆ ಧಡ್ ಎಂದಿತು. ಆಮೇಲೆ ಬಿಡಲಿಲ್ಲ. ಎರಡು ಕಾರಿನ ಭಾರವೂ ಒಂದೇ ಬ್ರೇಕಿನ ಮೇಲೆ ಬಿದ್ದು ಚಕ್ರಗಳು ಕಿರುಚಿದವು. ಎದುರಿಗೆ ತಿರುವು ಬರುತ್ತಿತ್ತು, ತಿರುವಿನಾಚೆ ಆಕಾಶ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹಲ್ಲಕ್ಕ ಸೀಟಿನಿಂದ ಮೇಲೆದ್ದು ಪೆಡಲ್ಲಿನ ಮೇಲೆ ನಿಂತೇಬಿಟ್ಟಳು. ಬೆಟ್ಟದ ಕಡೆಯ ಚರಂಡಿಗೆ ಒಂದು ಪಕ್ಕದ ಚಕ್ರಗಳು ಇಳಿದು, ಮಣ್ಣಿಗೆ ಉಜ್ಜಿ ಉಜ್ಜಿ, ಎರಡೂ ಕಾರು ನಿಂತವು.

ಯಾರು ಮೊದಲು ಇಳಿದರೋ ಯಾರಿಗೂ ನೆನಪಿಲ್ಲ. ಮಗಳು ಸ್ಟೀರಿಂಗನ್ನು ಬಿಡದೆ ಹಿಡಿದು ಕೂತಿದ್ದಳು. ಕೈಬ್ರೇಕಿನ ಹಿಡಿ ಮೇಲಕ್ಕೆ ಎಷ್ಟು ಬರಬಹುದೋ ಅಷ್ಟೂ ಬಂದಿತ್ತು. ಗೇರು ಮೊದಲನೆಯದರಲ್ಲಿತ್ತು.

ಹಲ್ಲಕ್ಕ ಬಾಗಿಲು ತೆಗೆದಳು. ಮಗಳು ಅವಳ ಮುಖವನ್ನೂ ನೋಡದೆ ಮಾತಾಡಿದಳು.

"ಯಾಕಮ್ಮಾ ಮುಂದೆ ಬಂದೆ? ದಾರಿ ಬಿಡು, ದಾರಿ ಬಿಡು ಅಂತ ಅಷ್ಟು ಕೈ ಬೀಸಿದ್ನಲ್ಲ. ಬ್ರೇಕಿಲ್ಲ, ಪಕ್ಕಕ್ಕೆ ಹೋಗು ಅಂತ ಕಿರುಚಿದ್ನಲ್ಲ. ನಿಂಗೆ ಗುದ್ದಿ ನಿನ್ನೂ ಕೆಳಗೆ ತಳ್ಳಿಬಿಡ್ತೀನಿ ಅಂತ ಎಷ್ಟು ಭಯ ಆಯ್ತು ಗೊತ್ತಾ?"

ಹಲ್ಲಕ್ಕ ಅವಳ ತಲೆಯನ್ನು ಏಪ್ರನ್ನಿಗೆ ಒತ್ತಿಕೊಂಡಳು. ಹಿಂದಿನ ಸೀಟಿನಿಂದ ಅವ್ವ, "ಬಂತೇನೇ ಊರು? ಇಷ್ಟು ಕುಲುಕಿಸ್ತಾ ಓಡಿಸಿದ್ರೆ ಇರೋ ಕಣ್ಣೂ ಹೋಗುತ್ತಷ್ಟೇ" ಎಂದಳು. ಪಾಪ, ಅವಳಿಗೆ ಮೊಮ್ಮಗಳು ಏನೂ ಹೇಳಿರಲಿಲ್ಲ. ಗಾಬರಿಯಾಗುತ್ತಾಳೆಂದು ದಾರಿಯುದ್ದಕ್ಕೂ ಅಜ್ಜಿಯ ಮಾತಿಗೆ ಹೂಂಗುಟ್ಟುತ್ತ ಬಂದಿದ್ದಳು.

"ನಾನೇ ಏನೋ ಕೆಡಿಸಿಬಿಟ್ಟೆ ಕಣಮ್ಮಾ" ಎಂದಳು ಮಗಳು. "ಹತ್ತುವಾಗ ಚೆನ್ನಾಗೇ ಇತ್ತು. ನೀನು ಮಾಡಿದ್ದು ಕೆಡಲ್ಲ ಅಂತ ಗೊತ್ತು. ನನಗೇ ಓಡಿಸೋಕೆ ಬರಲಿಲ್ಲ. ನಿನ್ನ ಅಂಗಡಿ ಮಾತೆಲ್ಲ ಹಾಳಾಗುತ್ತೆ ಅಂತ, ಯಾರಿಗೂ ಹೇಳದೆ ಹೇಗಾದ್ರೂ ಇಳಿಸಿಬಿಡೋಣ ಅಂದ್ಕೊಂಡೆ."

ಟೈಲರಣ್ಣ ಏನೋ ಹೇಳಲು ಬಾಯಿ ತೆರೆದ. ಹಲ್ಲಕ್ಕ ಕೈಯೆತ್ತಿ ಅವನನ್ನು ತಡೆದಳು.

"ನೀನಲ್ಲ ಮಗಾ, ನಾನು" ಎಂದಳು. "ಒಂದು ಮಾತು ನೆಟ್ಟಗೆ ಹೇಳೋಕೆ ಬರದೆ ಹೋಯ್ತು ನಂಗೆ. ಹೇಳಿದ ಮೇಲೆ ತಿರುಗಿ ನೋಡಲೂ ಇಲ್ಲ." ಊರಿನ ಬಾಯಿಗಳಿಗೆಲ್ಲ ಹಲ್ಲು ಕಟ್ಟಿದವಳು ಮಗಳ ಮುಂದೆ ಬಾಯಿ ಕಟ್ಟಿಹೋಗಿ ನಿಂತಳು.

ಮಗಳ ಬಲಗಾಲು ಇನ್ನೂ ಬ್ರೇಕಿನ ಮೇಲೇ ಇತ್ತು. ಹಲ್ಲಕ್ಕ ರಸ್ತೆಯಲ್ಲೇ ಮಂಡಿಯೂರಿ ಕೂತು, ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಪೆಡಲ್ಲಿನ ಮೇಲಿಂದ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಪಾದ ಅವಳ ತೊಡೆಯನ್ನು ಒತ್ತಿತು, ಬಿಟ್ಟಿತು, ಮತ್ತೆ ಒತ್ತಿತು.

"ನಿಂತಿದೆ ಮಗಾ, ಗಾಡಿ ನಿಂತಿದೆ. ಇನ್ನು ಬಿಡು."

"ನಂಗೆ ಗೊತ್ತಮ್ಮಾ" ಎಂದಳು ಮಗಳು. "ಈ ಕಾಲಿಗೆ ಗೊತ್ತಾಗ್ತಿಲ್ಲ. ತುಳೀತಾನೇ ಇದೆ."