ತಕ್ಕಡಿಗೆಂದು ಬಡಿಸಿದ ಬಂಗಡೆ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮೀನು ಬುಟ್ಟಿ ಹೊತ್ತು ಓದಿಸಿದವಳು ನನ್ನ ಅವ್ವ. ಕಾರವಾರದಲ್ಲಿ ಬಿ.ಎಸ್ಸಿ. ಮುಗಿಸಿ, ಪೋಷಣಾ ವಿಜ್ಞಾನದಲ್ಲಿ ಎಂ.ಎಸ್ಸಿ. ಸೇರಿದಾಗ ಪ್ರಬಂಧದ ವಿಷಯ ನಾನೇ ಆರಿಸಿದೆ: ಮೀನು ಮಾರುವ ಹೆಂಗಸರು ಏನು ಉಣ್ಣುತ್ತಾರೆ, ಅವರಿಗೆ ರಕ್ತ ಯಾಕೆ ಕಡಿಮೆ. ಪ್ರಬಂಧ ಚೆನ್ನಾಗಿ ಬಂದರೆ ಪಿಎಚ್‌.ಡಿ.ಗೆ ತೆಗೆದುಕೊಳ್ಳುತ್ತೇನೆ ಎಂದು ನನ್ನ ಗೈಡ್ ಮೇಡಂ ಹೇಳಿದ್ದರು. ಸಂಶೋಧನೆಗೆ ಹೋಗಲು ನನಗಿದ್ದದ್ದು ಅದೊಂದೇ ದಾರಿ.

ತಟ್ಟೆಗೆ ಬಡಿಸಿದ್ದನ್ನು ತೂಗಬೇಕು, ಉಂಡ ಮೇಲೆ ಉಳಿದದ್ದನ್ನೂ ತೂಗಬೇಕು. ಒಂದೊಂದು ಮನೆಯಲ್ಲಿ ಎರಡು ದಿನ. ಎಲ್ಲ ಕಡೆಯೂ ನನ್ನನ್ನು ಜಗುಲಿಗೆ ಕಳಿಸುತ್ತಿದ್ದರು, ಯಾರಾದರೂ ನೋಡುತ್ತಿದ್ದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲವೆಂದು. ಆಮೇಲೆ ಖಾಲಿ ತಟ್ಟೆ ತಂದು ತೋರಿಸಿ, ಮುಳ್ಳು ಬೆಕ್ಕಿಗೆ ಹಾಕಿದೆವು ಎನ್ನುತ್ತಿದ್ದರು. ನನ್ನ ಲೆಕ್ಕದಲ್ಲಿ ಎಲ್ಲರೂ ದಿನಾ ಇಡೀ ಮೀನು ತಿನ್ನುತ್ತಿದ್ದರು. ಹಾಗಿದ್ದರೆ ರಕ್ತ ಯಾಕೆ ಕಡಿಮೆ?

ಕೊನೆಗೆ ಬೊಬ್ರುವಾಡದ ಚಿಕ್ಕಮ್ಮನ ಮನೆಗೆ ಹೋದೆ. ತಟ್ಟೆ ತೂಗಿ ಜಗುಲಿಗೆ ಬಂದವಳು ಪೆನ್ನು ಮರೆತೆನೆಂದು ಒಳಗೆ ಹೋದೆ. ಚಿಕ್ಕಮ್ಮ ತಟ್ಟೆಯ ಬಂಗಡೆ ಮೀನನ್ನು ಮೆಲ್ಲಗೆ ಎತ್ತಿ ಸಾರಿನ ಪಾತ್ರೆಗೆ ಬಿಡುತ್ತಿದ್ದಳು.

"ಎಂತ ಮಾಡ್ತಿದ್ಯೆ ಚಿಕ್ಕಮ್ಮಾ?"

"ನಿನ್ ಚಿಕ್ಕಪ್ಪ ಇನ್ನೂ ಉಂಡಿಲ್ವೆ. ಮಾರಿ ಉಳ್ದದ್ದು ಇದೊಂದೇ. ಗಂಡಸ್ರಿಗಿಂತ ಮುಂಚೆ ನಾ ತಿಂಬುದು ಉಂಟಾ? ನಿನ್ನ ತಕ್ಕಡಿಗೆ ಬೇಕಲ್ಲ, ಅದ್ಕೆ ಬಡ್ಸಿದ್ದು."

"ಉಳ್ದೋರೂ ಹೀಂಗೇ ಮಾಡಿದ್ರಾ?"

"ಮತ್ತೆಂತ! ಮೀನ್ ಪೇಟೆಲಿ ಎಲ್ರೂ ಹೇಳ್ತಿದ್ರು. ಓದಿದ ಹುಡ್ಗಿ ಮನೆಗೆ ಬಂದಾಗ ಗಂಜಿ ಉಪ್ಪಿನಕಾಯಿ ತೋರ್ಸೂಕಾತದಾ? ನಿಂಗೇ ಮಾರ್ಕು ಕಮ್ಮಿ ಕೊಟ್ರೆ?"

ನಾನು ಅಲ್ಲೇ ಮಣೆಯ ಮೇಲೆ ಕೂತುಬಿಟ್ಟೆ. ಬಿಸಿಲಲ್ಲಿ ಅಲೆದು ಬರೆದದ್ದೆಲ್ಲ ಸುಳ್ಳು. ಬೈಯಲಾದರೂ ಯಾರನ್ನು ಬೈಯಲಿ? ಎಲ್ಲರೂ ನನಗೆ ಒಳ್ಳೆಯದಾಗಲೆಂದೇ ಮಾಡಿದ್ದರು. ಒಂದು ತೂಕವಾದರೂ ನಿಜವಿರಲಿ ಎಂದು ಹಟ ಹಿಡಿದೆ.

"ನನ್ನ ಎದ್ರಿಗೇ ತಿನ್ನು. ನನ್ನ ಓದಿಗಾಗಿ."

ಓದು ಎಂದ ಮೇಲೆ ಅವಳು ಇಲ್ಲ ಎನ್ನಲಿಲ್ಲ. ಗೋಡೆಯ ಕಡೆ ತಿರುಗಿ, ಔಷಧಿ ನುಂಗುವವಳ ಹಾಗೆ ತಿಂದಳು. ನಾನು ಮುಳ್ಳು ತೂಗಿದೆ. ತೂಗುವಾಗಲೇ ತಿಳಿಯಿತು, ಇದೂ ಅವಳ ಊಟವಲ್ಲ, ನಾನು ಉಣ್ಣಿಸಿದ್ದು.

ಅಷ್ಟರಲ್ಲಿ ಚಿಕ್ಕಪ್ಪ ದೋಣಿಯಿಂದ ಬಂದು ಕೂತರು. ತಟ್ಟೆಗೆ ಬರೀ ಸಾರು ಬಿತ್ತು.

"ಬಂಗಡೆ ಎಲ್ಲಿಗ್ ಹೋಯ್ತೆ? ಕಾಲೇಜಿಗಾ?"

"ಹೌದು, ಪಿಎಚ್‌ಡಿ ಮಾಡೂಕೆ," ಎಂದಳು ಚಿಕ್ಕಮ್ಮ.

ಇಬ್ಬರೂ ನಕ್ಕರು. ಚಿಕ್ಕಪ್ಪ ಸಾರನ್ನ ಕಲಸಿ ಉಂಡು ಎದ್ದರು. ತಟ್ಟೆ ಎತ್ತುತ್ತಾ ಚಿಕ್ಕಮ್ಮ ನನ್ನನ್ನು ಕೇಳಿದಳು: "ನಾಳೆನೂ ತೂಗೂಕುಂಟಾ? ಹಾಂಗಾರೆ ಎರಡು ಬಂಗಡೆ ಮಾರ್ದೆ ಇಟ್ಕಂಡು ಬರ್ತೆ."

ಬೇಡ ಎನ್ನಬೇಕಿತ್ತು. ಆದರೆ ಎರಡನೆಯ ದಿನದ ತೂಕವಿಲ್ಲದೆ ಮೇಡಂ ಆ ಮನೆಯನ್ನು ಒಪ್ಪುವುದಿಲ್ಲ.

ಸರಿ ಎಂದೆ.