ಸೊಳ್ಳೆ ಕಚ್ಚಿದ ಇಸುಬು

ಮಾವಿನಕುರ್ವೆಯ ನಮ್ಮ ಕೇರಿಯಲ್ಲಿ ಇಸುಬು ಇಲ್ಲದ ಮನೆಯೇ ಇರಲಿಲ್ಲ. ನನಗೆ ಮೊಣಕಾಲಿನ ಹಿಂದೆ, ಅಪ್ಪನಿಗೆ ಪಾದದ ಮೇಲೆ, ಅಮ್ಮನಿಗೆ ಬೆರಳ ಸಂದಿಯಲ್ಲಿ. ಆದರೆ ಯಾರೂ ಒಪ್ಪಿಕೊಳ್ಳುತ್ತಿರಲಿಲ್ಲ. ಒಪ್ಪಿಕೊಂಡರೆ ಡಾಕ್ಟರು ಮೊದಲು ಹೇಳುವುದೇ "ಮೀನು ತಿನ್ನೋದು ಬಿಡಿ" ಎಂದು. ಮೀನು ಹಿಡಿಯುವ ನಮಗೆ ಅದಕ್ಕಿಂತ ಕೆರೆದುಕೊಳ್ಳುವುದೇ ವಾಸಿಯಾಗಿತ್ತು.

ತೊಂಬತ್ತರ ದಶಕದ ಕೊನೆಯಲ್ಲೊಮ್ಮೆ, ದೇಶದಲ್ಲಿ ಎಷ್ಟು ಜನಕ್ಕೆ ಇಸುಬಿದೆಯೆಂದು ಲೆಕ್ಕ ಹಾಕಲು ನರ್ಸಮ್ಮ ಒಬ್ಬರು ಫಾರಂ ಹಿಡಿದು ಮನೆಗೆ ಬಂದರು.

"ಮನೇಲಿ ಯಾರಿಗಾದ್ರೂ ಇಸುಬು ಇದ್ಯಾ?"

"ಎಂತದೂ ಇಲ್ಲ ಅಕ್ಕೋರೆ," ಅಂದ ಅಪ್ಪ, ಒಂದು ಕಾಲಿನ ಹಿಮ್ಮಡಿಯಿಂದ ಇನ್ನೊಂದರ ಪಾದ ತಿಕ್ಕುತ್ತ. "ಇದು ಸೊಳ್ಳೆ ಕಚ್ಚಿದ್ದು."

ಆಗ ನಡು ಮಧ್ಯಾಹ್ನ; ಸೊಳ್ಳೆಯ ಸುಳಿವೂ ಇರಲಿಲ್ಲ.

ಊಟದ ಹೊತ್ತಾದ್ದರಿಂದ ಅಮ್ಮ ಅವರನ್ನು ಬಿಡದೆ ಕೂರಿಸಿ, ಗಂಜಿಗೆ ಒಣಸಿಗಡಿ ಚಟ್ನಿ ಬಡಿಸಿದಳು. ಎರಡನೇ ಸಲ ಚಟ್ನಿ ಹಾಕಿಸಿಕೊಂಡ ನರ್ಸಮ್ಮ ಮೆಲ್ಲಗೆ ಎಡ ಮೊಣಕೈಯನ್ನು ಗೋಡೆಗೆ ಉಜ್ಜತೊಡಗಿದರು. ಅಮ್ಮನ ಕಣ್ಣು ಆ ಮೊಣಕೈಯ ಮೇಲೆ ಬಿತ್ತು.

"ಸೊಳ್ಳೆ," ಅಂದರು ನರ್ಸಮ್ಮ.

ಕೈ ತೊಳೆದು, ಫಾರಮ್ಮಿನಲ್ಲಿ ನಮ್ಮ ಮನೆಗೆ ಸೊನ್ನೆ ಬರೆದುಕೊಂಡು ಹೋದರು.

ದೇಶದಲ್ಲಿ ಇಷ್ಟು ಜನಕ್ಕೆ ಇಸುಬಿದೆಯೆಂದು ಯಾರಾದರೂ ಹೇಳಿದರೆ ನಾನು ಇವತ್ತಿಗೂ ಕೇಳುವುದು ಒಂದೇ: ಸೊಳ್ಳೆ ಕಚ್ಚಿದವರನ್ನೂ ಸೇರಿಸಿದ್ದೀರಾ?